ನನಗಿಲ್ಲದ ಅಣ್ಣನ ಮಗಳ ಗುಳಿಗೆ

ಬಸಿರು ಹೌದೋ ಅಲ್ಲವೋ ಎಂದು ನೋಡುವ ಕಿಟ್ ತರಲು ನನ್ನ ಗಂಡ ಸ್ಕೂಟರ್ ಹತ್ತಿ ಊರಾಚೆಯ ಕಾಮಠಿಗೆ ಹೋದರು. ನಾಗಪುರದ ಇತವಾರಿ ಪೇಟೆಯಲ್ಲಿ ನಮ್ಮ ಖಣ, ಸೀರೆಯ ಅಂಗಡಿಯ ಎದುರಿಗೇ ಔಷಧದ ಅಂಗಡಿಯಿದೆ. ಮನೆಯ ಓಣಿಯ ತಿರುವಿನಲ್ಲಿ ಇನ್ನೊಂದಿದೆ. ಎರಡೂ ಕಡೆ ನಮ್ಮನ್ನು ಹೆಸರು ಹಿಡಿದು ಮಾತಾಡಿಸುತ್ತಾರೆ, ತೊಂದರೆ ಅದೇ. ಕಾಮಠಿಯಲ್ಲಿ ಗುರುತಿನವರು ಯಾರೂ ಇಲ್ಲದಿದ್ದರೂ ಅವರು ಅಂಗಡಿಯ ಮುಂದೆ ಹೆಲ್ಮೆಟ್ ತೆಗೆಯಲಿಲ್ಲವಂತೆ. ಒಳಗಿದ್ದವನು ಗಲ್ಲಾದ ಮೇಲೆ ಒಂದು ಕೈ ಇಟ್ಟುಕೊಂಡೇ ಮಾತಾಡಿದನಂತೆ.

"ಹೆಲ್ಮೆಟ್ ತಗೀಬಾರದೇನ್ರೀ? ಕಳ್ಳ ಅಂದ್ಕೊಂಡಿರ್ತಾನ," ಅಂದೆ.

"ಅಂದ್ಕೊಳ್ಳಲಿ. ಕಳ್ಳ ಅಂದ್ರೂ ನಡೀತದ," ಅಂದರು. ಎಪ್ರಿಲ್ ಬಿಸಿಲಿಗೆ ಅವರ ಕೂದಲೆಲ್ಲ ತೊಯ್ದು ಹಣೆಗೆ ಅಂಟಿಕೊಂಡಿತ್ತು.

ನನಗೆ ಆಗ ನಲವತ್ನಾಲ್ಕು. ಮಗಳು ಕಾಲೇಜಿನಲ್ಲಿದ್ದಳು. ನಮ್ಮ ವಾರಗೆಯವರೆಲ್ಲ ಮಕ್ಕಳಿಗೆ ಗಂಡು ನೋಡುವ, ಹೆಣ್ಣು ನೋಡುವ ಓಡಾಟದಲ್ಲಿದ್ದರು. ಲಗ್ನದ ಜವಳಿ ತೆಗೆಯಲು ಅಂಗಡಿಗೆ ಬಂದ ಬೀಗರ ಮುಂದೆ ಸೀರೆಯ ಮಡಿಕೆ ಬಿಚ್ಚುತ್ತ ಕೂತ ನಾನೇ ಹೊಟ್ಟೆ ಹೊತ್ತು ಕೂತರೆ ಹೇಗಿರುತ್ತದೆ ಎಂದು ನೆನೆದರೆ ಕಿವಿ ಬಿಸಿಯಾಗುತ್ತಿತ್ತು. ಕಿಟ್‌ನಲ್ಲಿ ಎರಡು ಗೆರೆ ಮೂಡಿದ ದಿನ ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಅವರು ಗೋಡೆ ನೋಡಿದರು. ನಾನು ನೆಲ ನೋಡಿದೆ. ಮದುವೆಯಾಗಿ ಇಪ್ಪತ್ತೆರಡು ವರ್ಷವಾದ ಗಂಡಹೆಂಡಿರು ಸಿಕ್ಕಿಬಿದ್ದವರ ಹಾಗೆ ನಿಂತಿದ್ದೆವು.

ಆದರೂ ಆ ಕೂಸು ನನಗೆ ಬೇಕಾಗಿತ್ತು. ಇದನ್ನು ಈಗಲೇ ಹೇಳಿಬಿಡುವುದು ಒಳ್ಳೆಯದು. ಮುಂದೆ ನಾನು ಮಾಡಿದ್ದನ್ನು ಓದಿದವರಿಗೆ, ಇವಳಿಗೆ ಬೇಡವೇ ಆಗಿತ್ತೇನೋ ಅನ್ನಿಸಬಹುದು. ಮಗಳು ಹುಟ್ಟಿದ ಮೇಲೆ ಎರಡು ಸಲ ಬಸಿರು ನಿಂತಿರಲಿಲ್ಲ. ಅದರ ನಂತರ ಥೈರಾಯ್ಡ್ ಕಡಿಮೆ ಇದೆ ಎಂದು ಗೊತ್ತಾಗಿ ದಿನಾ ಒಂದು ಗುಳಿಗೆ ಶುರುವಾಯಿತು. ಎದ್ದ ಕೂಡಲೆ ಖಾಲಿ ಹೊಟ್ಟೆಯಲ್ಲಿ ನುಂಗಬೇಕು, ಚಹಾ ಕುಡಿಯಲು ಬಹಳ ಹೊತ್ತು ಕಾಯಬೇಕು. ವರ್ಷಗಟ್ಟಲೆ ಗುಳಿಗೆ ನುಂಗಿದೆ, ಚಹಾಕ್ಕಾಗಿ ಕಾದೆ, ಕೂಸಿನ ಆಸೆ ಮಾತ್ರ ಯಾರ ಮುಂದೆಯೂ ಆಡದೆ ಬಿಟ್ಟೆ. ಈಗ ಅದು ತಾನಾಗಿಯೇ ಬಂದಿತ್ತು. ಆ ವಯಸ್ಸಿನಲ್ಲಿ ಅಷ್ಟೊಂದು ಆಸೆಪಡುವುದೂ ನಾಚಿಕೆಯ ಮಾತೇ ಅನ್ನಿಸಿತು.

ನನ್ನ ಸ್ವಭಾವದ ಬಗ್ಗೆ ಎರಡು ಮಾತು ಹೇಳಬೇಕು. ಗ್ಯಾಸ್ ಬಂದ್ ಮಾಡಿದೆನೋ ಇಲ್ಲವೋ ಎಂದು ರಿಕ್ಷಾ ತಿರುಗಿಸಿಕೊಂಡು ಮನೆಗೆ ಬಂದವಳು ನಾನು. ಬಂದು ನೋಡಿ, ಬಂದ್ ಇದೆ ಎಂದು ಸಮಾಧಾನವಾಗಿ, ಅದನ್ನು ನೋಡುವ ಗಡಿಬಿಡಿಯಲ್ಲಿ ಬಾಗಿಲಿಗೆ ಕೀಲಿ ಹಾಕುವುದನ್ನು ಮರೆತು ಹೋದವಳೂ ನಾನೇ. ಬೇರೆಯವರು ಪುರಾಣ ಓದುವ ಶ್ರದ್ಧೆಯಿಂದ ನಾನು ಔಷಧದ ಪೆಟ್ಟಿಗೆಯೊಳಗಿನ ಮಡಿಸಿದ ಕಾಗದ ಓದುತ್ತೇನೆ. ಕಿಟ್ ನೋಡಿದ ಮರುದಿನವೇ ಫೋನಿನಲ್ಲಿ ಥೈರಾಯ್ಡ್ ಔಷಧ, ಬಸಿರು ಎಂದು ಬರೆದು ಹುಡುಕಿದೆ. ಹುಟ್ಟುವ ಕೂಸಿಗೆ ಊನ ಎಂಬ ಮಾತು ಮೇಲೆಯೇ ಕಂಡಿತು. ಯಾವ ಔಷಧದಿಂದ, ಯಾರಿಗೆ ಎಂಬುದು ಕೆಳಗೆ ಇದ್ದೀತು. ನಾನು ಕೆಳಗೆ ಹೋಗಲಿಲ್ಲ. ಹೆದರಿಸುವ ಮೊದಲನೇ ವಾಕ್ಯದವರೆಗೆ ಓದುವುದು, ಅಲ್ಲಿಂದ ಮುಂದಿನದನ್ನು ತಲೆಯಲ್ಲಿ ನಾನೇ ಬರೆದುಕೊಳ್ಳುವುದು, ಇದು ನನ್ನ ಓದಿನ ಪದ್ಧತಿ.

ಡಾಕ್ಟರನ್ನು ಕೇಳಬಹುದಿತ್ತು. ನನ್ನ ಥೈರಾಯ್ಡ್ ನೋಡುವ ಡಾಕ್ಟರು ನಮ್ಮ ಅಂಗಡಿಯ ಹಳೆಯ ಗಿರಾಕಿ, ಅವರ ಹೆಂಡತಿ ನನ್ನ ನಾದಿನಿಯ ಗೆಳತಿ. ಅವರಿಗೆ ಹೇಳಿದರೆ ಸಂಜೆಯೊಳಗೆ ನಾದಿನಿಗೆ, ರಾತ್ರಿಯೊಳಗೆ ಊರಿಗೆ ಮುಟ್ಟುತ್ತದೆ. ಬೇರೆ ಡಾಕ್ಟರ ಬಳಿ ಹೋಗಬಹುದಿತ್ತು. ಅಲ್ಲಿ ಹೊರಗಿನ ಬೆಂಚಿನ ಮೇಲೆ ಮಗಳ ವಯಸ್ಸಿನ ಹುಡುಗಿಯರ ನಡುವೆ ಕೂರಬೇಕಾಗುತ್ತದೆ. "ಮೂರು ತಿಂಗಳ ತುಂಬಲಿ, ಆಮ್ಯಾಲ ತೋರಿಸಿದ್ರಾತು. ನಮ್ಮಲ್ಲೇನು ಅಲ್ಲೀತನಾ ಯಾರಿಗೂ ಹೇಳೂದಿಲ್ಲಲ್ಲ," ಅಂದೆ. ಪದ್ಧತಿಗಳ ಬಗ್ಗೆ ನನಗೆ ಅಷ್ಟು ಭಕ್ತಿ ಹಿಂದೆಂದೂ ಇರಲಿಲ್ಲ. ಗಂಡ ಒಪ್ಪಿಕೊಂಡರು. ಅವರಿಗೂ ಪದ್ಧತಿ ಅನುಕೂಲವಾಗಿತ್ತು.

ನಾಗಪುರದಲ್ಲಿ ನಮ್ಮ ಕಡೆಯ ಕನ್ನಡದ ಹೆಂಗಸರು ಸೋಮವಾರ ಸಂಜೆ ಒಬ್ಬೊಬ್ಬರ ಮನೆಯಲ್ಲಿ ಭಜನೆಗೆ ಸೇರುತ್ತೇವೆ. ಭಜನೆ ಮುಗಿದ ಮೇಲೆ ಮಂಡಕ್ಕಿಯ ಸೂಸಲಾ, ಚಹಾ. ಅದರ ಜೊತೆಗೆ ಇನ್ನೊಂದು ಕಾರ್ಯಕ್ರಮ ನಡೆಯುತ್ತದೆ. ನಮ್ಮಲ್ಲಿ ಒಬ್ಬ ಹಿರಿಯರು ಕಾಮಠಿಯ ದಂಡಿನ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದು ನಿವೃತ್ತರಾದವರು. ಗದಗಿನ ಕಡೆಯವರು, ಎಲ್ಲರಿಗೂ ಅಕ್ಕಾರು. ಸೈನಿಕರನ್ನು ಹಾಸಿಗೆಯಿಂದ ಎಬ್ಬಿಸಿ ರೂಢಿಯಾದ ದನಿ ಅವರದು. ಚಹಾ ಬರುತ್ತಲೇ ಅವರ ಸುತ್ತ ಹೆಂಗಸರು ಕೂಡುತ್ತಾರೆ. ಆ ಬಳಗದ ಒಂದು ವಿಶೇಷವೆಂದರೆ ಅಲ್ಲಿ ಯಾರೂ ತಮ್ಮ ರೋಗದ ಬಗ್ಗೆ ಕೇಳುವುದಿಲ್ಲ. ಒಬ್ಬಳ ನಾದಿನಿಗೆ ಮುಟ್ಟು ನಿಲ್ಲುತ್ತಿಲ್ಲ. ಇನ್ನೊಬ್ಬಳ ಪಕ್ಕದ ಮನೆಯವಳಿಗೆ ಮೂಲವ್ಯಾಧಿ. ಮತ್ತೊಬ್ಬಳ ಚಿಕ್ಕಮ್ಮನಿಗೆ ಕೆಮ್ಮಿದರೆ ಬಟ್ಟೆ ಒದ್ದೆಯಾಗುತ್ತದೆ. ಅಕ್ಕಾರು ಯಾರ ಮುಖವನ್ನೂ ನೋಡದೆ ಸೂಸಲಾ ತಿನ್ನುತ್ತ ನಾದಿನಿಗೆ, ಪಕ್ಕದ ಮನೆಯವಳಿಗೆ, ಚಿಕ್ಕಮ್ಮನಿಗೆ ಉತ್ತರ ಕೊಡುತ್ತಾರೆ. ಕೇಳಿದವಳು ತಲೆಯಾಡಿಸಿ, "ಹೇಳತೇನ್ರಿ ಅಕಿಗೆ," ಅನ್ನುತ್ತಾಳೆ. ಎಲ್ಲರಿಗೂ ಗೊತ್ತು, ಯಾರೂ ಆಡುವುದಿಲ್ಲ. ವರ್ಷಗಳಿಂದ ಇದು ಸಲೀಸಾಗಿ ನಡೆದಿತ್ತು.

ನಾನೂ ಅದೇ ದಾರಿ ಹಿಡಿದೆ.

"ಅಕ್ಕಾರ, ನಮ್ಮ ಅಣ್ಣನ ಮಗಳಿಗೆ ಥೈರಾಯ್ಡ್ ಐತ್ರಿ. ಈಗ ಹೊಟ್ಟೀಲೆ ಅದಾಳ. ಗುಳಗಿ ತಗೋಬಹುದೇನ್ರೀ?"

"ಯಾವ ಥೈರಾಯ್ಡ್? ಹೆಚ್ಚಿಂದೋ, ಕಡಿಮೀದೋ?"

ಇಲ್ಲಿ ನನ್ನ ಅತಿಬುದ್ಧಿ ಕೆಲಸ ಮಾಡಿತು. ನನ್ನದು ಕಡಿಮೆಯದು ಎಂದು ಆ ಕೋಣೆಯಲ್ಲಿ ಎಲ್ಲರಿಗೂ ಗೊತ್ತು. ನಾನೇ ವಾರಕ್ಕೊಮ್ಮೆ ಹೇಳಿ ಹೇಳಿ ಬೇಸರ ತರಿಸಿದ್ದೆ. ಕಡಿಮೆಯದು ಅಂದರೆ ಅಕ್ಕಾರು ಸೂಸಲಾದಿಂದ ತಲೆ ಎತ್ತಿ ನನ್ನ ಹೊಟ್ಟೆ ನೋಡುತ್ತಾರೆ.

"ಹೆಚ್ಚಿಂದ್ರಿ," ಅಂದೆ.

"ಸೊರಗ್ಯಾಳೇನು?"

"ಕಡ್ಡಿ ಆಗ್ಯಾಳ್ರಿ," ಅಂದೆ. ಆ ವಾರವೇ ಎರಡು ಕುಪ್ಪಸಗಳ ಹೊಲಿಗೆ ಬಿಚ್ಚಿ ಸಡಿಲ ಮಾಡಿಕೊಂಡಿದ್ದೆ.

"ಕೈ ನಡುಗತಾವ? ಎದಿ ಢವಢವ ಅಂತೈತಿ?"

"ಬಹಳ್ರಿ."

"ಶೆಕಿ ತಡಕೊಳ್ಳಾಕ ಆಗೂದಿಲ್ಲಲ್ಲ?"

"ಒಟ್ಟ ಆಗೂದಿಲ್ರಿ. ಫ್ಯಾನಿನ ಬುಡಕ್ಕ ಕುಂತಿರತಾಳ."

ಒಂದು ಸುಳ್ಳು ಹೇಳಬೇಕಾದಲ್ಲಿ ನಾಲ್ಕು ಹೇಳಿದ್ದೆ, ನಾಲ್ಕೂ ಒಂದಕ್ಕೊಂದು ಹೊಂದಿಕೊಂಡು ಚೆಂದ ಕೂತಿದ್ದವು. ಅಕ್ಕಾರು ಮೊದಲ ಸಲ ನಂಬಿದರು. ತಾಟು ಕೆಳಗಿಟ್ಟು ನನ್ನ ಕಡೆ ತಿರುಗಿದರು.

"ಹಂಗಾದ್ರ ಕೇಳು ತಂಗಿ. ಆ ಗುಳಗಿ ಮೊದಲಿನ ಮೂರು ತಿಂಗಳದಾಗ ಚಲೋ ಅಲ್ಲ. ಕೂಸಿನ ಅಂಗಾಂಗ ಕೂಡೂ ಹೊತ್ತದು, ಊನ ಆಗೋ ಅಂಜಿಕಿ ಐತಿ. ಜಲ್ದಿ ಡಾಕ್ಟರ್ ಕಡೆ ಹೋಗಂತ ಹೇಳು, ಬದಲಿ ಮಾಡಿ ಬ್ಯಾರೇದು ಕೊಡ್ತಾರ."

ಅವರು ಹೇಳಿದ್ದು ಇಷ್ಟು. ನಾನು ಮನೆಗೆ ತಂದದ್ದು ಊನ ಎಂಬ ಒಂದೇ ಶಬ್ದ.

ಮರುದಿನ ಬೆಳಿಗ್ಗೆ ಗುಳಿಗೆ ನುಂಗಲಿಲ್ಲ. ನನ್ನ ರೋಗ ಬೇರೆ, ಗುಳಿಗೆ ಬೇರೆ ಎಂಬುದು ತಿಳಿದಿರಲಿಲ್ಲವೇ ಎಂದರೆ, ಕೇಳುವಾಗ ತಿಳಿದಿತ್ತು. ರಾತ್ರಿಯೆಲ್ಲ ಹೊರಳಾಡಿ ಎದ್ದಾಗ ಆ ವ್ಯತ್ಯಾಸ ಸವೆದು ಹೋಗಿತ್ತು. ಥೈರಾಯ್ಡಿನ ಗುಳಿಗೆ ಅಂದರೆ ಥೈರಾಯ್ಡಿನ ಗುಳಿಗೆ. ಹೆಚ್ಚಿನದು ಕೆಟ್ಟದ್ದಾದರೆ ಕಡಿಮೆಯದು ಎಷ್ಟು ಒಳ್ಳೆಯದಿದ್ದೀತು? ಬಸಿರಿನಲ್ಲಿ ಏನನ್ನೂ ನುಂಗದಿರುವುದೇ ಕ್ಷೇಮ ಎಂಬ ಹಳೆಯ ನಂಬಿಕೆಯೊಂದು ಎಲ್ಲಿಂದಲೋ ಬಂದು ಪಕ್ಕದಲ್ಲಿ ಕೂತಿತು. ಕೂಸಿಗಾಗಿ ಏನನ್ನೋ ತ್ಯಾಗ ಮಾಡುತ್ತಿದ್ದೇನೆ ಎಂಬ ಭಾವನೆ ಬೇರೆ. ತ್ಯಾಗ ಮಾಡಿದವಳು ನೇರ ಅಡಿಗೆಮನೆಗೆ ಹೋಗಿ ಎಷ್ಟೋ ವರ್ಷಗಳ ಮೇಲೆ ಎದ್ದ ಕೂಡಲೆ ಚಹಾ ಕುಡಿದೆ. ಆ ಚಹಾ ಬಹಳ ರುಚಿಯಾಗಿತ್ತು. ಅದನ್ನು ಈಗ ನೆನೆದರೆ ಬಾಯಿ ಕಹಿಯಾಗುತ್ತದೆ.

"ಗುಳಗಿ ತಗೊಂಡಿಲ್ಲೇನು, ಚಾ ಕುಡ್ಯಾಕ ಹತ್ತೀಯಲ್ಲ?" ಎಂದರು ಗಂಡ.

"ಅಕ್ಕಾರು ಬ್ಯಾಡಂದ್ರು."

ಅವರ ಮುಖ ಬಿಳಿಚಿಕೊಂಡಿತು. "ಅವರಿಗೆ ಹೇಳಿದಿ?"

"ನಂದಲ್ರೀ. ಅಣ್ಣನ ಮಗಳದು."

"ಯಾವ ಅಣ್ಣ? ನಿನಗೆಲ್ಲಿ ಅಣ್ಣ ಅದಾನ?"

ನಿಜವೇ. ನನಗಿರುವುದು ಒಬ್ಬನೇ ತಮ್ಮ, ಅವನಿಗೆ ಇಬ್ಬರೂ ಗಂಡುಮಕ್ಕಳು. ಅವರು ಸ್ವಲ್ಪ ಹೊತ್ತು ವಿಚಾರ ಮಾಡಿ, "ಹುಬ್ಬಳ್ಳ್ಯಾಗ ಇಡು ಅವನ್ನ. ಇಲ್ಲೇ ಹತ್ತರ ಇಟ್ರ ಯಾರರೆ ಭೇಟಿಗೆ ಹೋಗ್ತಾರ," ಅಂದರು. ಹೀಗೆ ನನಗೊಬ್ಬ ಅಣ್ಣನೂ ಅವನಿಗೊಂದು ಊರೂ ಸಿಕ್ಕವು. ಗುಳಿಗೆಯ ಮಾತು ಅಲ್ಲಿಗೇ ನಿಂತಿತು.

ಅಲ್ಲಿಂದ ಮುಂದೆ ಪ್ರತಿ ಸೋಮವಾರ ಆ ಹುಡುಗಿಯನ್ನು ನಾನು ಸಾಕಬೇಕಾಯಿತು. ಗಂಡ ಏನು ಮಾಡುತ್ತಾನೆ? ಬ್ಯಾಂಕಿನಲ್ಲಿದ್ದಾನೆ. ಅತ್ತೆ ಹೇಗಿದ್ದಾಳೆ? ಸ್ವಲ್ಪ ಬಿರುಸು. ಇಷ್ಟು ದಿನ ಮಕ್ಕಳಾಗಿರಲಿಲ್ಲವೇ? ಎರಡು ಸಲ ನಿಂತಿರಲಿಲ್ಲ ಎಂದೆ, ಅದೊಂದನ್ನು ಮಾತ್ರ ನನ್ನ ಜೀವನದಿಂದ ತೆಗೆದು ಅವಳಿಗೆ ಕೊಟ್ಟೆ. ಆ ಮಾತು ಕೇಳಿ ಒಬ್ಬಿಬ್ಬರು ಸೆರಗಿನಿಂದ ಕಣ್ಣೊರೆಸಿಕೊಂಡರು. ನನ್ನದೇ ದುಃಖ ಬೇರೆಯವಳ ಹೆಸರಿನಲ್ಲಿ ಅಷ್ಟು ಮರ್ಯಾದೆ ಪಡೆದದ್ದನ್ನು ಚಹಾ ಹೀರುತ್ತ ನೋಡಿದೆ. ಮುಂದಿನ ವಾರ ಅಂಗಡಿಯ ಕೆಲಸಕ್ಕೆ ಹುಬ್ಬಳ್ಳಿಗೆ ಹೋಗುವುದಿದೆ ಎಂದು ಮತ್ತೊಂದು ಸುಳ್ಳು ಬಾಯಿಂದ ಬಿತ್ತು. ನಾನು ಮನೆಗೆ ಹೊರಡುವಷ್ಟರಲ್ಲಿ ಅವರೆಲ್ಲ ಸೇರಿ ಆ ಹುಡುಗಿಗಾಗಿ ಉಡಿ ಸಿದ್ಧಮಾಡಿದ್ದರು: ಅಕ್ಕಿ, ಕಾಯಿ, ಉತ್ತತ್ತಿ, ಅರಿಷಿಣದ ಕೊಂಬು, ಒಂದು ಖಣ. "ನಮ್ಮೆಲ್ಲಾರ ಹೆಸರ್ಲೆ ಅಕಿ ಉಡಿ ತುಂಬ್ರಿ," ಎಂದು ಚೀಲ ನನ್ನ ಕೈಗಿಟ್ಟರು.

ಮನೆಯಲ್ಲಿ ಚೀಲ ಬಿಚ್ಚಿದಾಗ ಗಂಡ ಖಣವನ್ನು ಬೆರಳಿನಲ್ಲಿ ಹೊಸಕಿ ನೋಡಿ, "ನಮ್ಮ ಅಂಗಡೀದ ಇದು," ಅಂದರು. ನಾನು ಅಡಿಗೆಮನೆಯ ಮೂಲೆಯಲ್ಲಿ ಕೂತು ಅತ್ತೆ. ಆ ಕಾಯಿಯನ್ನು ಒಡೆಯಲೂ ಆಗಲಿಲ್ಲ, ಯಾರಿಗಾದರೂ ಕೊಡಲೂ ಆಗಲಿಲ್ಲ.

ಮೇ ಬಂತು. ಹೊರಗೆ ಡಾಂಬರು ಚಪ್ಪಲಿಗೆ ಅಂಟುವ ಬಿಸಿಲು. ಮನೆಮನೆಯಲ್ಲೂ ಕೂಲರು ಹಗಲೂ ರಾತ್ರಿ ಭೋರಿಡುತ್ತಿತ್ತು. ನನಗೆ ಮಾತ್ರ ಚಳಿ. ಕೂಲರಿನ ಮುಂದಿನಿಂದ ಎದ್ದು ಒಳಗಿನ ಕೋಣೆಗೆ ಹೋಗುತ್ತಿದ್ದೆ. ಕೂತಲ್ಲಿ ನಿದ್ದೆ ಬರುತ್ತಿತ್ತು. ಅಂಗಡಿಯಲ್ಲಿ ಗಿರಾಕಿಗೆ ಸೀರೆ ತೋರಿಸುತ್ತಲೇ ಒಮ್ಮೆ ತೂಕಡಿಸಿದೆ. ಬಾಚಣಿಕೆ ತುಂಬ ಕೂದಲು. ಮಗಳು ಒಂದು ದಿನ ಬಾಗಿಲಲ್ಲಿ ನಿಂತು, "ಮಮ್ಮಿ, ಏ ಕ್ಯಾ ಹೈ? ಮೇ ತಿಂಗಳದಾಗ ಶಾಲು? ಡಾಕ್ಟರ್ ಕಡೆ ಹೋಗೂಣ ನಡಿ," ಅಂದಳು. "ಸುಮ್ನಿರು, ಸ್ವಲ್ಪ ವೀಕ್‌ನೆಸ್ ಐತಿ," ಅಂದೆ. ಬಸಿರು ಅಂದಮೇಲೆ ಇದೆಲ್ಲ ಇರುವುದೇ ಎಂದು ನನಗೆ ನಾನೇ ಹೇಳಿಕೊಂಡೆ. ಇಡೀ ಜೀವಮಾನ ಇಲ್ಲದ ರೋಗಗಳನ್ನು ಕಲ್ಪಿಸಿಕೊಂಡವಳಿಗೆ ಇದ್ದ ರೋಗ ಕಾಣಲಿಲ್ಲ.

ಆ ಸೋಮವಾರದ ಭಜನೆಯಲ್ಲಿ ಕೂಲರಿನಿಂದ ದೂರ, ಗೋಡೆಗೆ ಒರಗಿ, ಸೆರಗನ್ನು ಎರಡು ಸುತ್ತು ಹೊದ್ದುಕೊಂಡು ಕೂತಿದ್ದೆ. ನಡುವೆ ಕಣ್ಣು ಮುಚ್ಚಿತ್ತು. ಎಚ್ಚರಾದಾಗ ಭಜನೆ ಮುಗಿದು ಚಹಾ ಬಂದಿತ್ತು, ಅಕ್ಕಾರು ನನ್ನ ಎದುರಿಗೇ ಕೂತಿದ್ದರು.

"ಹುಬ್ಬಳ್ಳಿ ಹುಡುಗಿ ಹೆಂಗದಾಳ? ಡಾಕ್ಟರ್ ಗುಳಗಿ ಬದಲಿ ಮಾಡಿದ್ರೇನು?"

"ಇಲ್ರಿ. ಬಿಟ್ಟಬಿಟ್ಟಾಳ್ರಿ," ಅಂದೆ ನಿದ್ದೆಗಣ್ಣಿನಲ್ಲಿ.

"ಬಿಟ್ಟಾಳ?" ಅಕ್ಕಾರ ದನಿ ಏರಿತು. "ಯಾರು ಹೇಳಿದ್ರು ಬಿಡಂತ?"

"ನೀವ ಹೇಳಿದ್ರೆಲ್ರೀ, ಊನ ಆಗತೈತಂತ..."

"ಬದಲಿ ಮಾಡಿಸ್ಕೊ ಅಂತ ಹೇಳಿದೆ ನಾ. ಬಿಡು ಅಂದೆನೇನು? ಹಂಗ ತಮ್ಮ ಮನಸ್ಸಿಗೆ ಬಂದಂಗ ಬಿಟ್ರ ತಾಯಿಗೂ ಕೂಸಿಗೂ ಇಬ್ಬರಿಗೂ ಕೇಡು. ಈಗ ಹೆಂಗದಾಳ? ಎದಿ ಢವಢವ ಹೆಚ್ಚಾಗೇತಿ?"

ಕೂಸಿಗೂ ಎಂಬ ಮಾತು ಕೇಳಿದ್ದೇ ನಿದ್ದೆ ಹಾರಿಹೋಯಿತು. ಆ ಹುಡುಗಿಯ ವಿಷಯ ಸಾಕಾಗಿತ್ತು, ನನಗೆ ನನ್ನ ಉತ್ತರ ಬೇಕಾಗಿತ್ತು. ಯಾವ ಎಚ್ಚರವೂ ಇಲ್ಲದೆ ಹೇಳಿಬಿಟ್ಟೆ.

"ಎದಿ ಏನೂ ಇಲ್ರಿ. ಥಂಡಿ ಹತ್ತೈತಿ. ಕುಂತಲ್ಲೇ ನಿದ್ದಿ. ಮಾರಿ ಬಾತೈತಿ, ಕೂದಲಾ ಕೈಗೇ ಬರತಾವ. ಕೂಸಿಗೇನರೆ ಆಗತೈತೇನ್ರೀ ಅಕ್ಕಾರ?"

ಅಕ್ಕಾರು ಲೋಟ ಕೆಳಗಿಟ್ಟರು. "ಹುಬ್ಬಳ್ಳ್ಯಾಗ ಈಗ ಥಂಡಿ?" ಅಂದರು. ನನ್ನ ಸೆರಗಿನ ಸುತ್ತುಗಳನ್ನು ನೋಡಿದರು. ಊದಿದ ಕಣ್ಣುಗಳನ್ನು ನೋಡಿದರು. ಕೈ ಚಾಚಿ ನನ್ನ ಮಣಿಕಟ್ಟು ಹಿಡಿದು ನಾಡಿ ನೋಡತೊಡಗಿದರು.

"ಎಷ್ಟನೇ ತಿಂಗಳು, ತಂಗಿ?"

"ಅಕಿಗೆ ಮೂರರಾಗ..."

"ಅಕಿಗಲ್ಲ. ನಿನಗ."

ಬಾಗಿಲ ಹತ್ತಿರ ಕೂತಿದ್ದವಳೊಬ್ಬಳು "ಯವ್ವಾ!" ಅಂದು ಬಾಯಿ ಮೇಲೆ ಕೈಯಿಟ್ಟುಕೊಂಡಳು. ಅವಳ ಪಕ್ಕದವಳು ನಿಧಾನವಾಗಿ, "ಹಂಗಾರ ನಮ್ಮ ಉಡಿ ಬರೋಬರ್ ಜಾಗಾಕ್ಕ ಮುಟ್ಟೇತಿ ಬಿಡ್ರಿ," ಅಂದಳು. ಕೋಣೆಯೆಲ್ಲ ನಕ್ಕಿತು. ಇನ್ನೊಬ್ಬಳು, "ವೈನಿ, ಕಡ್ಡಿ ಆಗ್ಯಾಳ ಅಂದಿದ್ರೆಲ್ರೀ, ಇದ ಏನ್ರೀ ಕಡ್ಡಿ!" ಎಂದು ನನ್ನ ರಟ್ಟೆ ಹಿಡಿದು ಅಲ್ಲಾಡಿಸಿದಳು. ಮತ್ತೆ ನಗು. ಆ ನಗುವಿನಲ್ಲಿ ವಿಷವಿರಲಿಲ್ಲ. ಒಬ್ಬಳು ಸಕ್ಕರೆ ಡಬ್ಬಿ ತರಲು ಒಳಗೆ ಓಡಿದಳು. ನಾನು ವಾರಗಟ್ಟಲೆ ಯಾವುದಕ್ಕೆ ಹೆದರಿ ಅಡಗಿದ್ದೆನೋ ಅದು ಒಂದು ಲೋಟ ಚಹಾ ಆರುವುದರೊಳಗೆ ಮುಗಿದುಹೋಗಿತ್ತು. ಇಷ್ಟೇ ಆಗಿತ್ತು, ಇಷ್ಟಕ್ಕಾಗಿಯೇ ನಾನು ಆ ಕೂಸನ್ನು ಪಣಕ್ಕಿಟ್ಟಿದ್ದೆನೇ ಎಂಬುದು ತಲೆಗೆ ಹೊಳೆದಾಗ ಮುಖ ಎತ್ತಲಾಗಲಿಲ್ಲ.

ಅಕ್ಕಾರು ಒಬ್ಬರೇ ನಗಲಿಲ್ಲ. "ನಗೂದು ಆಮ್ಯಾಲ. ನೀ ಏಳು, ನಡಿ," ಅಂದರು. ನನ್ನ ಚಪ್ಪಲಿಯನ್ನೂ ಅವರೇ ಕಾಲಿನಿಂದ ನನ್ನ ಮುಂದೆ ತಳ್ಳಿದರು. ರಿಕ್ಷಾದಲ್ಲಿ ನಾನು ಮಾತು ತೆಗೆದೆ. "ಅಕ್ಕಾರ, ನನಗ ಭಾಳ ನಾಚಿಕಿ..." "ನಾಚಿಕಿ ಮಾಡ್ಕೊ, ಯಾರು ಬ್ಯಾಡಂತಾರ? ಗುಳಗಿ ತಗೊಂಡು ಮಾಡ್ಕೊ," ಅಂದರು.

ಅವರ ಪರಿಚಯದ ಹೆರಿಗೆ ಡಾಕ್ಟರು ಮರಾಠಿ ಹೆಂಗಸು, ನನಗಿಂತ ಚಿಕ್ಕವರು. ಹಿಂದಿಯಲ್ಲಿ ಅವರು ಹೇಳಿದ್ದನ್ನು ನನ್ನ ಮಾತಿನಲ್ಲಿ ಬರೆಯುತ್ತೇನೆ. ಥೈರಾಯ್ಡ್ ಹೆಚ್ಚಾದವರಿಗೆ ಅದನ್ನು ಇಳಿಸಲು ಕೊಡುವ ಗುಳಿಗೆಗಳಲ್ಲಿ ಕೆಲವಕ್ಕೆ ಮೊದಲ ತಿಂಗಳುಗಳಲ್ಲಿ ಊನದ ಭಯ ಇರುವುದು ನಿಜ. ಆಗ ಡಾಕ್ಟರು ನೋಡಿ ಬದಲಾಯಿಸುತ್ತಾರೆ, ಅದನ್ನು ಕೂಡ ಯಾರೂ ತಾವಾಗಿ ನಿಲ್ಲಿಸುವಂತಿಲ್ಲ. ನನ್ನದು ಅದಲ್ಲವೇ ಅಲ್ಲ. ಕೊರಳಿನ ಗ್ರಂಥಿ ತಾನು ಮಾಡಬೇಕಾದ್ದನ್ನು ಸಾಕಷ್ಟು ಮಾಡದಿದ್ದಾಗ ಅದನ್ನೇ ಹೊರಗಿನಿಂದ ತುಂಬಿಕೊಡುವ ಗುಳಿಗೆ ಅದು. ಅದರಿಂದ ಕೂಸಿಗೆ ಊನವಾಗುವುದಿಲ್ಲ. ಮೊದಲ ತಿಂಗಳುಗಳಲ್ಲಿ ಕೂಸಿನ ಸ್ವಂತ ಗ್ರಂಥಿ ಇನ್ನೂ ಕೆಲಸಕ್ಕೆ ಇಳಿದಿರುವುದಿಲ್ಲ, ಮೆದುಳು ಬೆಳೆಯಲು ಬೇಕಾದದ್ದನ್ನು ಅದು ತಾಯಿಯಿಂದಲೇ ಪಡೆಯಬೇಕು.

"ಅದಕ್ಕೇ ಬಸಿರಾದ ಕೂಡಲೆ ನಾವು ಸಾಮಾನ್ಯವಾಗಿ ಈ ಗುಳಿಗೆಯ ಪ್ರಮಾಣ ಹೆಚ್ಚಿಸುತ್ತೇವೆ," ಅಂದರು. "ನೀವು ನಿಲ್ಲಿಸಿಬಿಟ್ಟಿರಿ. ನಿಲ್ಲಿಸಲು ಹೇಳಿದವರು ಯಾರು?"

ಅಕ್ಕಾರು ಕಿಟಕಿಯ ಕಡೆ ನೋಡುತ್ತಿದ್ದರು. ಅವರು ಏನಾದರೂ ಅಂದಿದ್ದರೆ ಒಳ್ಳೆಯದಿತ್ತು.

"ಯಾರೂ ಹೇಳಲಿಲ್ಲ. ನಾನೇ ನಿಲ್ಲಿಸಿದೆ," ಅಂದೆ. "ಕೂಸಿಗೆ ಏನಾದರೂ ಆಗಿರುತ್ತದೆಯೇ?"

"ಈಗಲೇ ಹೇಳುವುದು ಹೇಗೆ? ಇಂದು ರಕ್ತ ಕೊಡಿ. ನಾಳೆ ಬೆಳಿಗ್ಗೆಯಿಂದ ಗುಳಿಗೆ ಶುರುಮಾಡಿ. ಮೇಲಿಂದ ಮೇಲೆ ಪರೀಕ್ಷೆ ಮಾಡುತ್ತ ಹೋಗೋಣ." ಅವರು ಗದರಿಸಲಿಲ್ಲ. ಅಯ್ಯೋ ಪಾಪ ಎನ್ನುವ ಹಾಗೆ ನೋಡಿದರು. ಗದರಿಸಿದ್ದರೆ ನನ್ನ ತಪ್ಪಿನ ಸಾಲ ಅಲ್ಲಿಗೇ ಕೊಟ್ಟು ತೀರಿಸಿದ ಹಾಗಾಗುತ್ತಿತ್ತು.

ಅಂದು ರಾತ್ರಿ ಮಗಳನ್ನು ಕೂರಿಸಿಕೊಂಡು ಹೇಳಿದೆವು. ಗಂಡ ಗಂಟಲು ಸರಿಮಾಡಿಕೊಂಡರು, ಮತ್ತೆ ಸರಿಮಾಡಿಕೊಂಡರು. ಮಗಳು ತಡೆದಳು. "ಮಲಾ ಮಾಹೀತ್ ಹೋತಂ. ನನಗ ಮೊದಲ ಗೊತ್ತಿತ್ತು ಪಪ್ಪಾ. ಆ ಕಿಟ್‌ನ ಡಬ್ಬಿ ಕಸದ ಬುಟ್ಟ್ಯಾಗ ಹಾಕಿದ್ರಿ. ಕಸ ಯಾರು ಚೆಲ್ಲತಾರ ಮನ್ಯಾಗ?"

"ಮತ್ತ ಯಾಕ ಕೇಳಲಿಲ್ಲ ನೀನು?"

"ನೀವು ಹೇಳತೀರಂತ ಕಾಯಾಕ ಹತ್ತಿದ್ದೆ." ಆಮೇಲೆ ಗುಳಿಗೆಯ ವಿಷಯ ಹೇಳಿದೆ. ಅಲ್ಲಿಯವರೆಗೆ ನಗುಮುಖ ಇಟ್ಟುಕೊಂಡಿದ್ದವಳು ಎದ್ದು ನಿಂತಳು. "ಯಾರಿಗೆ ಅಂಜಿ, ಮಮ್ಮಿ? ನನಗ ಅಂಜಿ? ನನಗ ಶರಮ್ ಆಗತೈತಂತ ನಾ ಅಂದೆನೇನು? ಅದು ಹೊಟ್ಟ್ಯಾಗ ಇರೋದು ಯಾರಿಗೂ ಗೊತ್ತಾಗಬಾರದು ಅಂತ ನೀನು ಅದರ..." ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಮರುದಿನ ಬೆಳಿಗ್ಗೆ ನಾನು ಎದ್ದಾಗ ಹಾಸಿಗೆಯ ಪಕ್ಕದಲ್ಲಿ ನೀರು, ಗುಳಿಗೆ ಇಟ್ಟುಕೊಂಡು ನಿಂತಿದ್ದಳು. ನುಂಗುವವರೆಗೆ ನೋಡಿದಳು. ಅನೇಕ ದಿನ ಹಾಗೆಯೇ ನಡೆಯಿತು. ನಾನು ಬಾಯಿ ತೆರೆದು ನಾಲಿಗೆ ತೋರಿಸುವುದೊಂದು ಬಾಕಿ.

ಐದನೇ ತಿಂಗಳಿನ ಸ್ಕ್ಯಾನಿನಲ್ಲಿ ಕೈ, ಕಾಲು, ಹೃದಯ, ಬೆನ್ನುಹುರಿ ಎಲ್ಲ ಸರಿಯಾಗಿ ಕಂಡವು. "ಮೆದುಳು?" ಎಂದು ಕೇಳಿದೆ. "ಮೆದುಳಿನ ಆಕಾರ ಸರಿ ಇದೆ. ಅದು ಹೇಗೆ ಕಲಿಯುತ್ತದೆ ಎಂಬುದು ಈ ಪರದೆಯ ಮೇಲೆ ಕಾಣುವುದಿಲ್ಲ," ಅಂದರು ಡಾಕ್ಟರು. ಅವರು ನಿಜ ಹೇಳಿದ್ದು. ನಾನು ಆ ನಿಜವನ್ನು ಮನೆಗೆ ತಂದು ಸಾಕಿಕೊಂಡೆ. ಚಳಿಗಾಲದಲ್ಲಿ ಹೆಣ್ಣು ಕೂಸು ಹುಟ್ಟಿತು. ಹಿಮ್ಮಡಿಯಿಂದ ರಕ್ತ ತೆಗೆದು ಅವಳ ಥೈರಾಯ್ಡ್ ನೋಡಿದರು, ಏನೂ ತೊಂದರೆಯಿರಲಿಲ್ಲ. ಭಜನೆಯವರೆಲ್ಲ ಬಂದು ಹೋದರು. ಅಂಗಡಿಗೆ ಬಂದ ಬೀಗರು ಕೂಸನ್ನು ಮೊಮ್ಮಗಳೇ ಎಂದು ಕೇಳಿದಾಗ ನನ್ನ ಗಂಡ, "ಮಗಳ್ರಿ," ಎಂದು ಎದೆಯುಬ್ಬಿಸಿ ಹೇಳಿದ್ದನ್ನು ನಾನು ಕೇಳಿದ್ದೇನೆ. ಅವರ ನಾಚಿಕೆ ಎಷ್ಟು ಬೇಗ ಬಿಟ್ಟುಹೋಯಿತು ಎಂದು ಹೊಟ್ಟೆಕಿಚ್ಚಾಯಿತು.

ನನ್ನದು ಬಿಡಲಿಲ್ಲ, ಜಾಗ ಬದಲಿಸಿತು. ಕೂಸು ಮಗ್ಗುಲಾಗುವುದು ಸ್ವಲ್ಪ ತಡವಾದರೆ, ಆ ವಾರಗಳಿಂದ. ನೋಟ ಒಂದು ಕಡೆ ನಿಂತರೆ, ಆ ವಾರಗಳಿಂದ. ಓಣಿಯ ಬೇರೆ ಕೂಸು ಎರಡು ಶಬ್ದ ಆಡಿದ ದಿನ ಇವಳು ಒಂದೂ ಆಡದಿದ್ದರೆ ಅಂದು ನನಗೆ ಊಟ ಇಳಿಯುವುದಿಲ್ಲ. ಮಕ್ಕಳ ಡಾಕ್ಟರು ಪ್ರತಿ ಸಲ ಚೆನ್ನಾಗಿದ್ದಾಳೆ ಅನ್ನುತ್ತಾರೆ. ಪ್ರತಿ ಸಲ ನಾನು ಆ ಕತೆಯನ್ನು ಮೊದಲಿನಿಂದ ಹೇಳುತ್ತೇನೆ, ಅಣ್ಣನ ಮಗಳನ್ನು ಬಿಡದೆ. ಈಗೀಗ ಅವರು ಅರ್ಧಕ್ಕೆ ತಡೆದು, "ಗೊತ್ತಾಯಿತು, ಹುಬ್ಬಳ್ಳಿ," ಅನ್ನುತ್ತಾರೆ.

ಮನೆಯಲ್ಲಿ ನನ್ನದೇ ಪರೀಕ್ಷೆಗಳಿವೆ. ಕಿವಿ ಸರಿಯಿದೆಯೇ, ಗಮನ ಸರಿಯಿದೆಯೇ ಎಂದು ಅವಳು ಆಡುತ್ತಿರುವಾಗ ಬೆನ್ನ ಹಿಂದೆ ಸದ್ದಿಲ್ಲದೆ ಹೋಗಿ ಸ್ಟೀಲಿನ ಚಮಚ ಬೀಳಿಸುತ್ತೇನೆ. ತಿರುಗಿ ನೋಡಿದರೆ ಜೀವ ಬಂದಂತಾಗುತ್ತದೆ. ಮರುದಿನ ಮತ್ತೆ ಬೀಳಿಸುತ್ತೇನೆ. ದೊಡ್ಡ ಮಗಳು ಕಂಡಾಗಲೆಲ್ಲ ಬೈಯುತ್ತಾಳೆ: "ಮಮ್ಮಿ, ಅಕಿ ಕೂಸೈತಿ. ನಿನ್ನ ರಿಪೋರ್ಟ್ ಅಲ್ಲ." ಹೌದು ಅನ್ನುತ್ತೇನೆ. ಅವಳು ಕಾಲೇಜಿಗೆ ಹೋದ ಮೇಲೆ ಬೀಳಿಸುತ್ತೇನೆ.

ಚಿಕ್ಕವಳಿಗೆ ಈಗ ಒಂದೂವರೆ ವರ್ಷ. ಮೊನ್ನೆ ಅಡಿಗೆಮನೆಯ ನೆಲದ ಮೇಲೆ ಕೂತು ಮೆಂತ್ಯದ ಸೊಪ್ಪು ಬಿಡಿಸುತ್ತಿದ್ದೆ. ಮನಸ್ಸು ಎಲ್ಲೋ ಇತ್ತು. ಬೆನ್ನ ಹಿಂದೆ ಠಣ್ ಎಂದು ಚಮಚ ಬಿತ್ತು. ನಾನು ತಿರುಗಲಿಲ್ಲ, ಕೆಲಸದವಳು ಇರಬೇಕು ಅಂದುಕೊಂಡೆ. ಸ್ವಲ್ಪ ಹೊತ್ತಿಗೆ ಮತ್ತೆ ಬಿತ್ತು, ಇನ್ನೂ ಹತ್ತಿರ. ತಿರುಗಿ ನೋಡಿದರೆ ಅವಳು ನಿಂತಿದ್ದಾಳೆ, ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು, ಕತ್ತು ವಾರೆ ಮಾಡಿ, ನಾನು ನೋಡುತ್ತೇನೋ ಇಲ್ಲವೋ ಎಂದು ಬಹಳ ಕಾಳಜಿಯಿಂದ ನನ್ನ ಮುಖವನ್ನೇ ದಿಟ್ಟಿಸುತ್ತ. ನಾನು ನೋಡಿದ್ದು ಖಾತ್ರಿಯಾದ ಮೇಲೆ ಅವಳ ಮುಖ ಅರಳಿತು. ಬಗ್ಗಿ ಚಮಚ ಎತ್ತಿಕೊಂಡು ಮತ್ತೆ ನನ್ನ ಬೆನ್ನ ಹಿಂದೆ ಹೋದಳು. ನಾನು ಸೊಪ್ಪು ಕೆಳಗಿಟ್ಟು, ಗೋಡೆಯ ಕಡೆ ಮುಖ ಮಾಡಿ, ಅದು ಬೀಳುವುದನ್ನು ಕಾಯುತ್ತ ಕೂತೆ.